ಏಳೆಂಟು ಜೀಪಿನ ಗುಂಪಿಗೆ ಯಾವ ವಾಕಿಟಾಕಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಟೈರು, ಕ್ಲಚ್ಚು, ಮೈಲೇಜಿಗಿಂತ ವಾಕಿಟಾಕಿ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಏಳೆಂಟು ಜನ ಸೇರಿ ಜೀಪು ತೆಗೆದುಕೊಂಡು ಎಸ್ಟೇಟ್ ದಾರಿಗಳಲ್ಲಿ ಓಡಾಡುತ್ತೇವೆ. ಎರಡು ಥಾರ್, ಒಂದು ಜಿಪ್ಸಿ, ಉಳಿದವು ಹಳೆಯ ಎಂಎಂ 540. ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಿಂದಿನ ಗಾಡಿ ಹೂತುಕೊಂಡರೆ ಮುಂದಿನವರಿಗೆ ಗೊತ್ತೇ ಆಗುವುದಿಲ್ಲ. 5 ವ್ಯಾಟ್ ತಗೊಳ್ಳೋದಾ, 10 ವ್ಯಾಟ್ ತಗೊಳ್ಳೋದಾ ಅಂತ ನಮ್ಮಲ್ಲೇ ಜಗಳ. ನೀವೇ ತೀರ್ಮಾನ ಹೇಳಿ ಸರ್. – ಸಕಲೇಶಪುರದಿಂದ

ಎರಡೂ ಬೇಡ. ಇದು ತಮಾಷೆಗೆ ಹೇಳಿದ್ದಲ್ಲ. ನಿಮ್ಮ ಜಗಳ ವ್ಯಾಟಿನ ಬಗ್ಗೆ, ಆದರೆ ಮೊದಲು ನೋಡಬೇಕಾದದ್ದು ಸೆಟ್ಟು ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ ಅನ್ನುವುದನ್ನು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಸಾಮಾನ್ಯ ಜನ ವಾಕಿಟಾಕಿ ಬಳಸಲು ಮುಖ್ಯವಾಗಿ ಇರುವುದು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಒಂದು ಸಣ್ಣ ಪಟ್ಟಿ. 2018ರ ನಿಯಮದಲ್ಲಿ ಇದಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಅದಕ್ಕೂ ಹಳೆಯದು 27 ಮೆಗಾಹರ್ಟ್ಸ್ ಸುತ್ತಿನ ಸಿಟಿಜನ್ ಬ್ಯಾಂಡ್. ಅದಕ್ಕೆ 2005ರಿಂದಲೇ 5 ವ್ಯಾಟ್‌ವರೆಗೆ ವಿನಾಯಿತಿ ಇದೆ. ಇವೆರಡನ್ನು ಬಿಟ್ಟು ಅಂಗಡಿಯವರು ‘ಎಲ್ಲಾ ಫ್ರೀಕ್ವೆನ್ಸಿ ಬರುತ್ತೆ ಸಾರ್’ ಅಂತ ತೋರಿಸುವ ಸೆಟ್ಟುಗಳಿಗೆಲ್ಲ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ವಿನಾಯಿತಿ ಇರುವ ಪಟ್ಟಿಯ ಸೆಟ್ಟಿಗೂ ಇಲಾಖೆ ಕೊಡುವ ಇಟಿಎ ಅನ್ನುವ ಒಪ್ಪಿಗೆ ಇರಬೇಕು. ಕೊಳ್ಳುವ ಮೊದಲು ಅದರ ನಂಬರ್ ಕೇಳಿ, ಕೊಡದಿದ್ದರೆ ಬೇರೆ ಅಂಗಡಿ ನೋಡಿ.

446ರ ಸೆಟ್ಟುಗಳು ಸಾಮಾನ್ಯವಾಗಿ ಅರ್ಧ ವ್ಯಾಟಿನವು. ಆಂಟೆನಾ ಬಿಚ್ಚಲು ಬರುವುದಿಲ್ಲ. ‘ಅರ್ಧ ವ್ಯಾಟಾ? ಆಟದ ಸಾಮಾನಾ?’ ಅಂತ ನಿಮ್ಮ ಗುಂಪಿನಲ್ಲಿ ಯಾರಾದರೂ ನಗುತ್ತಾರೆ. ನಗಲಿ ಬಿಡಿ. 5 ವ್ಯಾಟಿನಿಂದ 10 ವ್ಯಾಟಿಗೆ ಹೋದರೆ ದೂರ ದುಪ್ಪಟ್ಟಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಡ್ಡಿ ಏನೂ ಇಲ್ಲದ ಬಯಲಿನಲ್ಲಿ ಕೂಡ ಅದು ಒಂದೂವರೆ ಪಟ್ಟು ಆಗುವುದಿಲ್ಲ. ದುಪ್ಪಟ್ಟು ಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು, ಅಂದರೆ 5 ಇದ್ದದ್ದು 20 ಆಗಬೇಕು. ಇನ್ನು ನಡುವೆ ಗುಡ್ಡ ಇದ್ದರೆ 50 ವ್ಯಾಟೂ ಅಷ್ಟಕ್ಕಷ್ಟೇ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ನೆಲವನ್ನು ತೂರಿ ಹೋಗುವುದಿಲ್ಲ. ಪೂರ್ತಿ ಸಪಾಟಾದ ಜಾಗದಲ್ಲಿ, ಎರಡು ಗಾಡಿಯ ಆಂಟೆನಾ ನೆಲದಿಂದ 2 ಮೀಟರ್ ಎತ್ತರದಲ್ಲಿದ್ದರೆ, ಭೂಮಿಯ ಬಾಗು ಅಡ್ಡ ಬರುವುದು ಸುಮಾರು 11–12 ಕಿ.ಮೀ. ದಾಟಿದ ಮೇಲೆ. ಅಂದಮೇಲೆ ಡಬ್ಬದ ಮೇಲೆ ‘50 ಕಿ.ಮೀ. ರೇಂಜ್’ ಅಂತ ಹಾಕಿದವರು ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಮಾತಾಡಿರಬೇಕು. ನೀವು ಓಡಾಡುವುದು ಹಳ್ಳದಲ್ಲಿ, ಕಾಫಿ ತೋಟದ ಸಿಲ್ವರ್ ಓಕ್ ಮರಗಳ ನಡುವೆ, ಅದೂ ಎಲೆಯೆಲ್ಲ ನೆಂದಿರುವಾಗ.

ಅಂಥ ಕಡೆ ಅರ್ಧ ವ್ಯಾಟಿನ ಸೆಟ್ಟು ಅರ್ಧ ಕಿಲೋಮೀಟರಿನಿಂದ ಒಂದು, ಒಂದೂವರೆ ಕಿಲೋಮೀಟರ್ ಕೊಟ್ಟರೆ ಒಳ್ಳೆಯದು ಅನ್ನಬೇಕು. ನಿಮಗೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಗುಂಪಾಗಿ ಹೋಗುವಾಗ ಗಾಡಿಗಳ ನಡುವೆ ಅದಕ್ಕಿಂತ ಜಾಸ್ತಿ ಅಂತರ ಬಿಟ್ಟರೆ ಅದು ಗುಂಪೇ ಅಲ್ಲ. ಮೊದಲ ಗಾಡಿಗೆ ಕೊನೆಯ ಗಾಡಿ ಕೇಳದಿದ್ದರೆ ನಡುವಿನವರು ಮಾತು ದಾಟಿಸಬೇಕು. ಇದನ್ನು ಹೊರಡುವ ಮೊದಲೇ ನಿಕ್ಕಿ ಮಾಡಿಕೊಳ್ಳಿ: ಮುಂದೆ ಯಾರು, ಕೊನೆಗೆ ಯಾರು, ನಡುವೆ ದಾಟಿಸುವವರು ಯಾರು. ತಾಳ್ಮೆ ಇರುವವರನ್ನು ನಡುವೆ ಹಾಕಿ, ಜೋರು ಓಡಿಸುವವರನ್ನಲ್ಲ.

ಇನ್ನೊಂದು ವಿಷಯ. ಥಾರ್‌ನ ಹಾರ್ಡ್ ಟಾಪ್ ಒಳಗೆ ಕೂತು, ಸೆಟ್ಟನ್ನು ಗೇರಿನ ಪಕ್ಕದ ಕಪ್ ಹೋಲ್ಡರಿನಲ್ಲಿ ಇಟ್ಟು ‘ಕೇಳಿಸ್ತಾ ಇಲ್ಲ’ ಅಂದರೆ ಹೇಗೆ? ಸುತ್ತ ಇರುವ ತಗಡು ಅಲೆಯನ್ನು ತಡೆಯುತ್ತದೆ. ಕಿಟಕಿ ಹತ್ತಿರ, ಆಂಟೆನಾ ನೆಟ್ಟಗೆ ಮೇಲಕ್ಕೆ ಇರುವಂತೆ ಹಿಡಿಯಬೇಕು. ಮಲಗಿಸಿ ಹಿಡಿದರೂ ಸಿಗ್ನಲ್ ಬೀಳುತ್ತದೆ. ಟಾರ್ಪಾಲಿನ ಹಳೆಯ ಜೀಪಿನವರಿಗೆ ಈ ತೊಂದರೆ ಕಡಿಮೆ, ಆದರೆ ಮಳೆ ನೇರ ಸೆಟ್ಟಿನ ಮೇಲೆಯೇ ಬೀಳುತ್ತದೆ. ಅದಕ್ಕೇ ಐಪಿ 67 ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯುವ ದರ್ಜೆ. ಐಪಿ 54 ಅಂದರೆ ನೀರು ಚಿಮುಕಿದರೆ ಪರವಾಗಿಲ್ಲ ಅಂತ ಅಷ್ಟೇ, ಸಕಲೇಶಪುರದ ಜುಲೈ ತಿಂಗಳಿಗೆ ಅದು ಸಾಲದು. ಬ್ಯಾಟರಿ ಬದಲಿಸಲು ಬರುವ ಸೆಟ್ಟು ಒಳ್ಳೆಯದು, ಗಾಡಿಯಿಂದ ಯುಎಸ್‌ಬಿಯಲ್ಲೂ ಚಾರ್ಜ್ ಆಗುವಂತಿದ್ದರೆ ಇನ್ನೂ ಒಳ್ಳೆಯದು. ಬಟನ್‌ಗಳು ದೊಡ್ಡದಿರಲಿ, ಕೈ ಕೆಸರಾಗಿರುತ್ತದೆ ಅಲ್ವಾ?

ಸಿಟಿಜನ್ ಬ್ಯಾಂಡಿನ 5 ವ್ಯಾಟಿನ ಸೆಟ್ಟು ಯಾಕೆ ಬೇಡ ಅಂತ ಕೇಳಬಹುದು. ಕಾಗದದ ಮೇಲೆ ಚೆನ್ನಾಗಿದೆ. 27 ಮೆಗಾಹರ್ಟ್ಸ್ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಮರಗಿಡಕ್ಕೂ ಅಷ್ಟಾಗಿ ಹೆದರುವುದಿಲ್ಲ. ಆದರೆ ಅದರ ಸರಿಯಾದ, ಅಂದರೆ ಅಲೆಯ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾ 2.7 ಮೀಟರ್ ಉದ್ದ ಬರುತ್ತದೆ, ಬಿದಿರಿನ ಮೆಳೆಯಲ್ಲಿ ನುಗ್ಗುವ ಗಾಡಿಗೆ ಅದನ್ನು ಕಟ್ಟಿಕೊಂಡು ಹೋಗುವುದು ಕಷ್ಟ. ಕುಳ್ಳ ಆಂಟೆನಾ ಹಾಕಿದರೆ ಲಾಭವೆಲ್ಲ ಅಲ್ಲೇ ಕಳೆಯಿತು. ಎಂಜಿನ್ನಿನ ಕರಕರ ಸದ್ದೂ ಅದರಲ್ಲಿ ಜಾಸ್ತಿ. ಇಲ್ಲಿ ಇಟಿಎ ಇರುವ ಸೆಟ್ಟು ಹುಡುಕುವುದೂ ಸುಲಭ ಅಲ್ಲ.

ಕೊನೆಯದಾಗಿ, ವಾಕಿಟಾಕಿ ಜಾಸ್ತಿ ಕೆಲಸಕ್ಕೆ ಬರುವುದು ದೂರಕ್ಕಲ್ಲ, ಹತ್ತಿರಕ್ಕೆ. ವಿಂಚ್ ಹಾಕಿ ಗಾಡಿ ಎಳೆಯುವಾಗ ಹೊರಗೆ ನಿಂತು ದಾರಿ ತೋರಿಸುವವರು ಒಬ್ಬರು, ಒಳಗೆ ಸ್ಟೇರಿಂಗ್ ಹಿಡಿದವರು ಒಬ್ಬರು. ಆ ಇಬ್ಬರ ನಡುವೆ ಒಂದು ಚಾನೆಲ್ ಬೇರೆಯೇ ಇಟ್ಟುಬಿಡಿ. ಉಳಿದವರ ಹರಟೆ ಅಲ್ಲಿ ಬರಬಾರದು. ‘ನಿಲ್ಲಿಸು’ ಅನ್ನುವ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದರೆ ಕೈ ಕಾಲು ಹೋಗುತ್ತದೆ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿ ಹೋಗುತ್ತದೆ. ‘ಎಡಕ್ಕೆ ಬೇಡ’ ಅನ್ನುವಂಥ ಮಾತು ಬೇಡವೇ ಬೇಡ. ಬಲಕ್ಕೆ ಹೋಗಬೇಕಿದ್ದರೆ ‘ಬಲಕ್ಕೆ’ ಅಂತ ಮಾತ್ರ ಹೇಳಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ಬ್ಯಾಂಡಿನ ಚೀನಾ ಸೆಟ್ಟು ನಾಲ್ಕು ಕೊಂಡಿದ್ದೇವೆ. ಈಗ ಗೆಳೆಯರೊಬ್ಬರು ಇದು ಕಾನೂನಿಗೆ ವಿರುದ್ಧ ಅನ್ನುತ್ತಾರೆ. ಆನ್‌ಲೈನಿನಲ್ಲೇ ಮಾರುತ್ತಾರಲ್ಲ, ಹೇಗೆ ವಿರುದ್ಧ ಆಗುತ್ತದೆ? – ಮಡಿಕೇರಿಯಿಂದ

ನಿಮ್ಮ ಗೆಳೆಯರು ಹೇಳಿದ್ದು ಸರಿ. ಮಾರುತ್ತಾರೆ ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ. ಇದೇ ಕಾರಣಕ್ಕೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು. ತರಂಗಾಂತರ ಯಾವುದು, ಲೈಸೆನ್ಸ್ ಬೇಕಾ, ಇಟಿಎ ಇದೆಯಾ ಅನ್ನುವುದನ್ನು ಹೇಳದೆ ಮಾರುತ್ತಿದ್ದಾರೆ ಅನ್ನುವುದು ದೂರು. ಆಮೇಲೆ ಇಂಥ ಮಾರಾಟಕ್ಕೆ ಮಾರ್ಗಸೂಚಿಯೂ ಬಂತು.

ನಿಮ್ಮ ಸೆಟ್ಟು 136ರಿಂದ 174 ಮತ್ತು 400ರಿಂದ ಮೇಲಕ್ಕೆ ಎಲ್ಲಿ ಬೇಕಾದರೂ ಮಾತಾಡುವ ಥರದ್ದು. ಆ ಜಾಗಗಳಲ್ಲಿ ಪೊಲೀಸರು, ಅರಣ್ಯ ಇಲಾಖೆಯವರು, ಬೇರೆ ಬೇರೆ ಸಂಸ್ಥೆಯವರು ಇರುತ್ತಾರೆ. ನೀವು ಸುಮ್ನೆ ಒಂದು ಖಾಲಿ ಚಾನೆಲ್ ಅಂದುಕೊಂಡದ್ದು ಖಾಲಿ ಇರಲಿಕ್ಕಿಲ್ಲ. ಕೊಡಗಿನ ಕಾಡಂಚಿನಲ್ಲಿ ಆನೆ ಓಡಿಸುವವರ ಮಾತಿನ ನಡುವೆ ನಿಮ್ಮ ‘ಟೀ ಎಲ್ಲಿ ಕುಡಿಯೋಣ’ ಬಂದರೆ ಅವರು ಬಿಡುತ್ತಾರಾ?

‘ಅದನ್ನೇ 446ಕ್ಕೆ ಪ್ರೋಗ್ರಾಂ ಮಾಡಿಕೊಂಡರೆ?’ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಅದೂ ಆಗುವುದಿಲ್ಲ. ವಿನಾಯಿತಿ ಇರುವುದು ಆ ಪಟ್ಟಿಯಲ್ಲಿ ಮಾತ್ರ, ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವ, ಒಪ್ಪಿಗೆ ಪಡೆದ ಸೆಟ್ಟಿಗೆ. ನಿಮ್ಮದು ಅದಲ್ಲ.

ಆ ಸೆಟ್ಟಿಗೆ ಮರ್ಯಾದೆಯ ದಾರಿ ಒಂದಿದೆ, ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು, ರಿಸ್ಟ್ರಿಕ್ಟೆಡ್ ಅನ್ನುವ ಕೆಳಗಿನ ದರ್ಜೆಗೆ ಮೋರ್ಸ್ ಕಟ್ಟು-ಕಡ ಕಲಿಯುವ ಗೋಜೂ ಇಲ್ಲ. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ವರ್ಷಗಳಿಂದ ಪಾಠ ಮಾಡುತ್ತಿದೆ. ಪಾಸಾದರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಮಾತಾಡಬಹುದು. ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ರಿಪೀಟರ್ ಬೆಟ್ಟದ ಮೇಲೆ ಸಿಕ್ಕರೆ ಇಡೀ ಜಿಲ್ಲೆ ದಾಟಿಯೂ ಮಾತು ಹೋಗುತ್ತದೆ. ಆದರೆ ನಾಲ್ಕು ಸೆಟ್ಟು ಅಂದಿರಲ್ಲ, ನಾಲ್ಕೂ ಜನ ಪಾಸಾಗಬೇಕು. ಒಬ್ಬರು ಲೈಸೆನ್ಸ್ ತೆಗೆದು ಉಳಿದ ಮೂವರಿಗೆ ಹಂಚುವಂತಿಲ್ಲ. ಸೆಟ್ಟು ಕೂಡ ಲೈಸೆನ್ಸಿನ ಲೆಕ್ಕಕ್ಕೆ ಬರಬೇಕು. ಹಾಗೆಯೇ ದುಡ್ಡು ತೆಗೆದುಕೊಂಡು ಜನರನ್ನು ಸಫಾರಿ ಕರೆದುಕೊಂಡು ಹೋಗುವ ಜೀಪಿನವರು ಹ್ಯಾಮ್ ಬ್ಯಾಂಡ್ ಬಳಸುವಂತಿಲ್ಲ, ಅದು ವ್ಯಾಪಾರಕ್ಕಲ್ಲ. ಲೈಸೆನ್ಸ್ ಸಿಗುವವರೆಗೆ ನಿಮ್ಮ ಸೆಟ್ಟುಗಳನ್ನು ಬ್ಯಾಟರಿ ತೆಗೆದು ಬೀರುವಿನಲ್ಲಿಡಿ.

ಸಿಮ್ ಹಾಕುವ ವಾಕಿಟಾಕಿ ಬಂದಿದೆಯಂತೆ. ‘ಇಡೀ ಇಂಡಿಯಾ ರೇಂಜ್’ ಅನ್ನುತ್ತಾರೆ. ನಿಜವಾ? – ತುಮಕೂರಿನಿಂದ

ನಿಜ, ನೆಟ್‌ವರ್ಕ್ ಇರುವ ಕಡೆ. ಅದು ಬಟನ್ ಒತ್ತಿ ಮಾತಾಡುವ ಮೊಬೈಲ್ ಅಷ್ಟೇ. ಹೆದ್ದಾರಿಯಲ್ಲಿ ಚೆನ್ನಾಗಿದೆ, ಬಿಸಿಲೆ ಘಾಟಿಯಲ್ಲಿ ಮೊಬೈಲಿನ ಜೊತೆಗೇ ಸಾಯುತ್ತದೆ. ಟವರ್ ಸಿಗದ ಜಾಗಕ್ಕೆ ಅಂತ ತೆಗೆದುಕೊಳ್ಳುವುದಾದರೆ ದುಡ್ಡು ದಂಡ.

ಮುಂದಿನ ವರ್ಷ ರ‍್ಯಾಲಿಗೆ ಇಳಿಯಬೇಕು ಅಂತಿದ್ದೇನೆ. ಕಾರಿಗೆ ರೇಡಿಯೊ ಹಾಕಿಸುವುದಕ್ಕೆ ಎಷ್ಟು ಖರ್ಚು ಮಾಡಬೇಕು, ಯಾವ ಕಂಪನಿಯದ್ದು? – ಚಿಕ್ಕಮಗಳೂರಿನಿಂದ

ಮೊದಲ ವರ್ಷ ರೇಡಿಯೊಗೆ ಒಂದು ರೂಪಾಯಿ ಕೂಡ ಹಾಕಬೇಡಿ, ಇಂಟರ್‌ಕಾಮ್‌ಗೆ ಹಾಕಿ. ಎರಡನ್ನೂ ಒಂದೇ ಅಂದುಕೊಂಡು ಬರೆದಿದ್ದೀರಿ ಅನಿಸುತ್ತದೆ. ಇಂಟರ್‌ಕಾಮ್ ಅಂದರೆ ಕಾರಿನೊಳಗೆ ನಿಮ್ಮ ಹೆಲ್ಮೆಟ್ಟಿಗೂ ಪಕ್ಕದಲ್ಲಿ ನೋಟ್ಸ್ ಓದುವ ಕೋಡ್ರೈವರ್ ಹೆಲ್ಮೆಟ್ಟಿಗೂ ಇರುವ ವೈರಿನ ಸಂಪರ್ಕ. ಗಾಳಿಯಲ್ಲಿ ಅಲೆ ಹೋಗುವುದಿಲ್ಲ, ಹಾಗಾಗಿ ಲೈಸೆನ್ಸಿನ ಮಾತೇ ಇಲ್ಲ. ಸ್ಟೇಜಿನಲ್ಲಿ, ಅಂದರೆ ವೇಗಕ್ಕೆ ಸಮಯ ಲೆಕ್ಕ ಹಾಕುವ ದಾರಿಯಲ್ಲಿ, ಜಲ್ಲಿ ಕಾರಿನ ಅಡಿಗೆ ಬಡಿಯುವ ಸದ್ದಿಗೆ ಮುಂದಿನ ತಿರುವು ಹೇಳುವ ‘ಎಡ ಮೂರು’ ಅಂದದ್ದು ಕೇಳಲಿಲ್ಲ ಅಂದರೆ ಕಾರು ನೇರ ತೋಟದೊಳಗೆ. ಸ್ಟಿಲೊ, ಪೆಲ್ಟರ್, ಟೆರಾಟ್ರಿಪ್ ಇಂಥವು ಹೆಸರಾದ ಕಂಪನಿಗಳು. ಒಂದು ಕಂಪನಿಯ ಹೆಲ್ಮೆಟ್ ಕಿಟ್ಟಿನ ಪ್ಲಗ್ಗು ಇನ್ನೊಂದರ ಡಬ್ಬಕ್ಕೆ ಕೂರುವುದಿಲ್ಲ, ಅಡಾಪ್ಟರ್ ಹುಡುಕುತ್ತಾ ಅಲೆಯಬೇಕಾಗುತ್ತದೆ. ಇಬ್ಬರೂ ಒಂದೇ ಥರದ್ದು ತೆಗೆದುಕೊಳ್ಳಿ. ಮೈಕು ತುಟಿಗೆ ತಾಗುವಷ್ಟು ಹತ್ತಿರ ಇರಬೇಕು. ಸುತ್ತಲ ಸದ್ದು ಕಳೆಯುವ ಮೈಕು ಕೆಲಸ ಮಾಡುವುದೇ ಹಾಗೆ, ದೂರ ಇಟ್ಟರೆ ನಿಮ್ಮ ಮಾತನ್ನೂ ಸದ್ದು ಅಂತ ಕಳೆದುಬಿಡುತ್ತದೆ. ಮತ್ತೆ, ವೈರು ಕೂರಿಸಲು ಹೆಲ್ಮೆಟ್ಟಿಗೆ ತೂತು ಕೊರೆಯಬೇಡಿ, ತಪಾಸಣೆಯಲ್ಲಿ ವಾಪಸ್ ಕಳಿಸುತ್ತಾರೆ.

ಕೆಲವು ಸ್ಪರ್ಧೆಗಳಲ್ಲಿ ಹೊರಗಿನಿಂದ ಮಾತಾಡುವುದಕ್ಕೆ ಅವಕಾಶವೇ ಇಲ್ಲ. ಡಕಾರ್ ರ‍್ಯಾಲಿ ನೋಡಿ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ. ಅಲ್ಲಿ ಸ್ಟೇಜಿನಲ್ಲಿರುವವರು ತಂಡದ ಜೊತೆ ಹರಟೆ ಹೊಡೆಯುವಂತಿಲ್ಲ. ಅಪಘಾತವಾದರೆ ಸಂಘಟಕರಿಗೆ ಸುದ್ದಿ ಮುಟ್ಟಿಸುವ ಇರಿಟ್ರ್ಯಾಕ್ ಅನ್ನುವ ಸ್ಯಾಟಲೈಟ್ ಯಂತ್ರ ಬೇರೆ, ಧೂಳಿನಲ್ಲಿ ಹಿಂದಿನ ಗಾಡಿ ‘ದಾರಿ ಬಿಡಿ’ ಅಂತ ಮುಂದಿನವರಿಗೆ ಬೀಪ್ ಕೊಡುವ ಸೆಂಟಿನೆಲ್ ಅನ್ನುವ ಯಂತ್ರ ಬೇರೆ. ನಿಮ್ಮ ಸ್ಪರ್ಧೆಯ ನಿಯಮದ ಪುಸ್ತಕದಲ್ಲಿ ಏನಿದೆ ಅಂತ ಓದಿ ಆಮೇಲೆ ಜೇಬಿಗೆ ಕೈ ಹಾಕಿ.

ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಮದ್ರಾಸ್ ಸರ್ಕ್ಯೂಟ್ ಥರದ ಟ್ರ್ಯಾಕಿಗೆ ಇಳಿದರೆ ಮಾತು ಬೇರೆ. ಪಿಟ್ಟಿನಿಂದ ಕಾರಿಗೆ ಮಾತಾಡಲು ರೇಡಿಯೊ ಬೇಕು ಅನಿಸುತ್ತದೆ, ಅದಕ್ಕೆ ಲೈಸೆನ್ಸ್ ಇರುವ ಚಾನೆಲ್ಲೇ ಬೇಕು. ಒಂದೆರಡು ರೇಸಿಗಾಗಿ ಸ್ವಂತ ಲೈಸೆನ್ಸಿಗೆ ಓಡಾಡುವ ಬದಲು ಲೈಸೆನ್ಸ್ ಇರುವವರಿಂದ ಬಾಡಿಗೆಗೆ ತನ್ನಿ, ಕಾಗದದ ಜೆರಾಕ್ಸ್ ಕೇಳಿ ಇಟ್ಟುಕೊಳ್ಳಿ. ಮಾತಾಡುವ ಬಟನ್ ಸ್ಟೇರಿಂಗ್ ಮೇಲೇ ಇರಲಿ. ಮಾತು ಶುರುವಾದ ತಕ್ಷಣ ತಾನೇ ಆನ್ ಆಗುವ ವಾಕ್ಸ್ ಬೇಡ, ಎಂಜಿನ್ ಸದ್ದಿಗೇ ಅದು ಆನ್ ಆಗಿ ಚಾನೆಲ್ ಹಿಡಿದುಕೊಂಡು ಕೂರುತ್ತದೆ.

ನಾನು ಮೈಸೂರಿನವಳು, ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿನ ಹೈ ಕಂಟ್ರಿ ಗುಡ್ಡಗಳಿಗೆ ನಮ್ಮ ಪ್ರಾಡೊ ತೆಗೆದುಕೊಂಡು ಹೋಗುತ್ತೇವೆ. ಯುಎಚ್ಎಫ್ ಸಿಬಿಗೆ 3 ಡಿಬಿ ಆಂಟೆನಾ, 6 ಡಿಬಿ ಆಂಟೆನಾ ಅಂತ ಇದೆ, ಯಾವುದು? ಊರಿಗೆ ಬರುವಾಗ ಸೆಟ್ಟು ತರಬಹುದಾ?

ನೀವು ಪುಣ್ಯವಂತರು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಜನರಿಗೆ ಅಂತಲೇ ಇರುವ ಈ ಯುಎಚ್ಎಫ್ ಸಿಬಿ ಪಟ್ಟಿಯಲ್ಲಿ 477 ಮೆಗಾಹರ್ಟ್ಸ್ ಹತ್ತಿರ 80 ಚಾನೆಲ್, 5 ವ್ಯಾಟ್, ಯಾರ ಹತ್ತಿರವೂ ಲೈಸೆನ್ಸಿಗೆ ಅರ್ಜಿ ಹಾಕಬೇಕಾಗಿಲ್ಲ. ಗಾಡಿಗೆ ಕೂರಿಸುವ ಸೆಟ್ಟು, ಹೊರಗಡೆ ಆಂಟೆನಾ, ಗುಡ್ಡದ ಮೇಲಿನ ರಿಪೀಟರ್ ಎಲ್ಲ ಸಿಗುತ್ತದೆ.

ಆಂಟೆನಾ ವಿಷಯಕ್ಕೆ ಬಂದರೆ, ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನೇ ಒತ್ತಿ ಒಂದು ಕಡೆಗೆ ಕಳಿಸುತ್ತದೆ. ಎಷ್ಟು ಒತ್ತುತ್ತದೆ ಅನ್ನುವ ಅಳತೆಯೇ ಡಿಬಿ. ರೊಟ್ಟಿ ತಟ್ಟಿದಂತೆ, ಅಗಲ ಮಾಡಿದಷ್ಟೂ ತೆಳ್ಳಗಾಗುತ್ತದೆ. 6 ಡಿಬಿಯದ್ದು ನೆಲಕ್ಕೆ ಸಮನಾಗಿ ತೆಳ್ಳಗೆ ದೂರ ಹೋಗುತ್ತದೆ, ಬಯಲು ಸೀಮೆಗೆ ಸರಿ. ಗುಡ್ಡದಲ್ಲಿ ಗಾಡಿ ವಾಲಿದಾಗ ಆ ತೆಳ್ಳನೆಯ ಪದರ ಒಂದು ಕಡೆ ಆಕಾಶಕ್ಕೆ, ಇನ್ನೊಂದು ಕಡೆ ಮಣ್ಣಿಗೆ ಹೋಗುತ್ತದೆ. ಹೈ ಕಂಟ್ರಿಗೆ 3 ಡಿಬಿಯ ಕುಳ್ಳದ್ದೇ ವಾಸಿ, ಕೊಂಬೆಗೂ ಕಡಿಮೆ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರವಾಸದಲ್ಲಿ ಚಾನೆಲ್ 10 ಫೋರ್ ವೀಲ್ ಕ್ಲಬ್ಬುಗಳದ್ದು, 40 ಹೆದ್ದಾರಿ ಲಾರಿಯವರದ್ದು. 5 ಮತ್ತು 35 ತುರ್ತಿಗೆ ಮಾತ್ರ, ಅಲ್ಲಿ ಹರಟೆ ಕೂಡದು.

ಊರಿಗೆ ತರಬೇಡಿ. ಆ ತರಂಗಾಂತರಕ್ಕೆ ಇಲ್ಲಿ ವಿನಾಯಿತಿ ಇಲ್ಲ. ಅಮೆರಿಕದಲ್ಲಿರುವ ಓದುಗರಿಗೂ ಇದೇ ಮಾತು. ಅಲ್ಲಿ ಸಾಮಾನ್ಯ ಜನರ ವಾಕಿಟಾಕಿಗೆ ಇರುವ ಜಿಎಂಆರ್‌ಎಸ್ ಲೈಸೆನ್ಸಿಗೆ 35 ಡಾಲರ್, ಪರೀಕ್ಷೆ ಇಲ್ಲ, 10 ವರ್ಷ ನಡೆಯುತ್ತದೆ, ಮನೆಯವರೆಲ್ಲ ಅದರಲ್ಲೇ ಮಾತಾಡಬಹುದು. ಆ 462 ಮೆಗಾಹರ್ಟ್ಸ್ ಸೆಟ್ಟನ್ನು ತಮ್ಮನಿಗೆ ಉಡುಗೊರೆ ಅಂತ ಸೂಟ್‌ಕೇಸಿನಲ್ಲಿ ಹಾಕಬೇಡಿ.

ಎಕ್ಸಲರೇಟರ್ ಒತ್ತಿದಷ್ಟೂ ರೇಡಿಯೊದಲ್ಲಿ ಕುಂಯ್ ಅಂತ ಸದ್ದು ಏರುತ್ತದೆ. ಹ್ಯಾಮ್ ಲೈಸೆನ್ಸ್ ಇದೆ, ಗಾಡಿಗೆ ಕೂರಿಸಿದ ಸೆಟ್ಟು. ಏನು ಮಾಡಲಿ? – ಶಿವಮೊಗ್ಗದಿಂದ

ಆಲ್ಟರ್ನೇಟರ್ ಸದ್ದು ಅದು. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕರೆಂಟ್ ತೆಗೆದಿರುತ್ತೀರಿ, ಅಲ್ವಾ? ಬ್ಯಾಟರಿಯಿಂದಲೇ ದಪ್ಪ ವೈರು ನೇರವಾಗಿ ಎಳೆಯಿರಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಫ್ಯೂಸನ್ನು ಸೆಟ್ಟಿನ ಹತ್ತಿರ ಹಾಕಿದರೆ ನಡುವೆ ವೈರು ಉಜ್ಜಿ ತಗಡಿಗೆ ತಾಗಿದಾಗ ಬೆಂಕಿ ಹತ್ತುತ್ತದೆ. ಆಂಟೆನಾದ ಬುಡದ ಅರ್ಥಿಂಗ್ ಪೇಂಟಿನ ಮೇಲೆ ಕೂತಿದ್ದರೆ ಕೆರೆದು ಲೋಹಕ್ಕೆ ತಾಗಿಸಿ. ಸದ್ದು ಎಂಜಿನ್ನಿನ ಜೊತೆ ಏರಿಳಿಯದೆ ಒಂದೇ ಸಮ ಇದ್ದರೆ ಬೇರೆ ಕಳ್ಳ ಇದ್ದಾನೆ: ಎಲ್‌ಇಡಿ ಲೈಟ್ ಬಾರ್, ಡ್ಯಾಶ್‌ಕ್ಯಾಮ್, ಅಗ್ಗದ ಮೊಬೈಲ್ ಚಾರ್ಜರ್. ಒಂದೊಂದಾಗಿ ಕಿತ್ತು ನೋಡಿ.

ನಮ್ಮ ಮಾತು ಬೇರೆಯವರಿಗೆ ಕೇಳಬಾರದು. ಪ್ರೈವೆಸಿ ಕೋಡ್ ಇರುವ ಸೆಟ್ಟು ಹೇಳಿ. – ಹುಬ್ಬಳ್ಳಿಯಿಂದ

ಆ ಕೋಡ್ ನಿಮ್ಮ ಮಾತನ್ನು ಮುಚ್ಚುವುದಿಲ್ಲ. ಬೇರೆಯವರ ಮಾತು ನಿಮಗೆ ಕೇಳದಂತೆ ಮಾಡುತ್ತದೆ, ಅಷ್ಟೇ. ಕೋಡ್ ಹಾಕದ ಸೆಟ್ಟು ಇಟ್ಟುಕೊಂಡವರಿಗೆ ನಿಮ್ಮದೆಲ್ಲ ಕೇಳುತ್ತಲೇ ಇರುತ್ತದೆ. ಗುಟ್ಟಿನ ಮಾತನ್ನು ಊಟಕ್ಕೆ ನಿಲ್ಲಿಸಿದಾಗ ಆಡಿ.

ಲಡಾಖ್‌ಗೆ ಹೊರಟಿದ್ದೇವೆ. ವಾಕಿಟಾಕಿ ಸಾಕಾ, ಸ್ಯಾಟಲೈಟ್ ಫೋನ್ ಒಯ್ಯಬೇಕಾ? ಓಡಿಸುತ್ತಾ ಮಾತಾಡಿದರೆ ದಂಡ ಹಾಕುತ್ತಾರಾ? – ಬೆಂಗಳೂರಿನಿಂದ

ಇರಿಡಿಯಂ, ತುರಾಯಾ ಥರದ ಸ್ಯಾಟಲೈಟ್ ಫೋನುಗಳನ್ನು ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ, ಗಡಿ ಹತ್ತಿರ ಅಂತೂ ಕೇಳಲೇ ಬೇಡಿ. ಗಾರ್ಮಿನ್ ಇನ್‌ರೀಚ್ ಥರ ಮೆಸೇಜ್ ಮಾತ್ರ ಕಳಿಸುವ ಸಣ್ಣ ಯಂತ್ರವೂ ಇದೇ ಲೆಕ್ಕಕ್ಕೆ ಬರುತ್ತದೆ. ಅದನ್ನು ಚೀಲದಲ್ಲಿಟ್ಟುಕೊಂಡ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದದ್ದು ಇದೆ. 446ರ ಸೆಟ್ಟು ಒಯ್ಯಿರಿ, ಇಟಿಎ ಕಾಗದದ ಪ್ರತಿ ಜೊತೆಗಿರಲಿ. ಚೆಕ್‌ಪೋಸ್ಟಿನಲ್ಲಿ ಸೈನಿಕರು ಆಫ್ ಮಾಡಿ ಅಂದರೆ ವಾದ ಮಾಡದೆ ಆಫ್ ಮಾಡಿ.

ದಂಡದ ಬಗ್ಗೆ: 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಓಡಿಸುತ್ತಾ ಕೈಯಲ್ಲಿ ಹಿಡಿದು ಮಾತಾಡುವ ಸಂಪರ್ಕ ಸಾಧನ ಅನ್ನುತ್ತದೆ, ಮೊಬೈಲ್ ಅಂತ ಮಾತ್ರ ಅಲ್ಲ. ಹಾಗಾಗಿ ಸೆಟ್ಟನ್ನು ಪಕ್ಕದ ಸೀಟಿನವರ ಕೈಗೆ ಕೊಡಿ. ಒಬ್ಬರೇ ಓಡಿಸುವುದಾದರೆ ಗಾಡಿ ನಿಲ್ಲಿಸಿ ಮಾತಾಡಿ.